ಕರೆದದ್ದು ಒಂದೇ ಹೆಸರು

ಹೆಸರಿನ ವಿಷಯದಲ್ಲಿ ಸಾಂತಾ ಒಟಿಲಿಯಾ ಊರಿನವರ ಚಪಲ ಹೇಳತೀರದು. ಗಂಡನ ಹೆಸರಿನ ತಲೆ ಕತ್ತರಿಸಿ ಹೆಂಡತಿಯ ಹೆಸರಿನ ಬಾಲಕ್ಕೆ ಅಂಟಿಸದಿದ್ದರೆ ಅವರಿಗೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ. ನೆಲಿಯಾ, ಬೆರ್ತೊ ದಂಪತಿ ಕ್ಷೌರದಂಗಡಿಗೆ 'ನೆಲ್‌ಬೆರ್ತ್' ಅಂತ ಬೋರ್ಡು ಹಾಕಿದರು. ದೊಮಿಂಗೊ, ಲಿನಾ ತಮ್ಮ ದೋಣಿಗೆ 'ದೊಮಿಲಿನ್' ಅಂತ ಬರೆಸಿ, ಮುಂದಿನ ವರ್ಷ ಹುಟ್ಟಿದ ಮಗಳಿಗೂ ಅದನ್ನೇ ಇಟ್ಟರು. ದೋಣಿಯ ಹೆಸರು ನನಗ್ಯಾಕೆ ಇಟ್ಟಿರಿ ಅಂತ ಆ ಹುಡುಗಿ ದೊಡ್ಡವಳಾದ ಮೇಲೆ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಪ್ರೂದೆನ್ಸಿಯೊ ಅನ್ನುವ ಪುಣ್ಯಾತ್ಮ ತನ್ನ ಹಂದಿದೊಡ್ಡಿಗೆ ತನ್ನ ಹೆಸರನ್ನೂ ಅತ್ತೆಯ ಹೆಸರನ್ನೂ ಸೇರಿಸಿ ಫಲಕ ಹೊಡೆಸಿದ. ಅತ್ತೆ ಪಾಪ, ಅದನ್ನು ಗೌರವ ಅಂತಲೇ ತಿಳಿದುಕೊಂಡಳು.

ದೊಡ್ಡವರೇ ಹೀಗಿದ್ದ ಮೇಲೆ ಶಾಲೆಗೆ ಹೋಗುವ ಹುಡುಗಿಯರನ್ನು ಕೇಳಬೇಕೆ? ರೊಸೆಂದಾ, ಜೊವಿತಾ ಇಬ್ಬರದೂ ಒಂದೇ ಬೆಂಚು, ಒಂದೇ ಬುತ್ತಿ, ಒಂದೇ ಬಾಚಣಿಗೆ. ಮೂರನೇ ಕ್ಲಾಸಿನಲ್ಲೇ ಅವಳ 'ರೊಸೆ' ಇವಳ 'ವಿತಾ' ಜೋಡಿಸಿ 'ರೊಸೆವಿತಾ' ಆಗಿಬಿಟ್ಟರು. ಆ ಹೆಸರನ್ನು ಬೆಂಚಿನ ಮೇಲೆ ಮೊಳೆಯಲ್ಲಿ ಕೊರೆದು ಟೀಚರ ಕೈಯಲ್ಲಿ ಏಟು ತಿಂದರು. ತಿಂಗಳು ಕಳೆಯುವುದರೊಳಗೆ ಆ ಟೀಚರೂ ಅದನ್ನೇ ಕೂಗುತ್ತಿದ್ದರು. ಒಂದು ಸಲ ಕೂಗಿದರೆ ಇಬ್ಬರೂ ಎದ್ದು ನಿಲ್ಲುತ್ತಿದ್ದರು, ಬೇಕಾದ್ದು ಯಾರು ಅಂತ ಆಮೇಲೆ ವಿಚಾರಿಸಿದರಾಯಿತು.

ಜೊವಿತಾಳ ತಾಯಿ ಮಾಕ್ಸಿಮಾ. ಊರಿಗೆಲ್ಲ ಸಿಮಾಂಗ್, ಕಿರಿಯರ ಬಾಯಲ್ಲಿ ನಾನಾ ಸಿಮಾಂಗ್, ಅಂದರೆ ಸಿಮಾಂಗ್ ದೊಡ್ಡಮ್ಮ. ಅಂಟಕ್ಕಿಯನ್ನು ತೆಂಗಿನ ಹಾಲಲ್ಲಿ ಬೇಯಿಸಿ, ಬಾಳೆ ಎಲೆಯಲ್ಲಿ ಸುತ್ತಿ, ಸುಮಾನ್ ಮಾಡಿ ಸಂತೆಯಲ್ಲಿ ಮಾರುತ್ತಿದ್ದಳು. ಗಂಡ ಹೋದ ಮೇಲೆ ಇದ್ದವಳು ಒಬ್ಬಳೇ ಮಗಳು. ಆದರೆ ಎಲೆ ಹಾಕುವಾಗ ಎರಡೆರಡೇ ಹಾಕಬೇಕಾಗುತ್ತಿತ್ತು. ರೊಸೆಂದಾಳ ಅಪ್ಪ ಅಮ್ಮ ದುಡಿಯಲು ಮನಿಲಾ ಸೇರಿದ್ದರು, ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ, ಹುಡುಗಿಯ ಊಟ ನಿದ್ದೆ ಎಲ್ಲ ಇಲ್ಲೇ. ಸಿಮಾಂಗ್‌ಗೂ ಆ ಕೂಡು ಹೆಸರು ಬಾಯಿಗೆ ಒಗ್ಗಿಹೋಯಿತು. ಒಂದು ಕೂಗಿಗೆ ಕೆಲಸ ಆಗುವಾಗ ಎರಡು ಕೂಗಿ ಗಂಟಲು ಯಾಕೆ ಹರಿದುಕೊಳ್ಳಬೇಕು?

ಆ ಕಡೆ ಇನ್ನೊಂದು ಪದ್ಧತಿ ಇದೆ. ಹೊಳೆಯಿರಲಿ, ಕಾಡಿರಲಿ, ಸಮಾಧಿಯಿರಲಿ, ಎಲ್ಲಿಂದ ಹೊರಟರೂ ಜೊತೆಗಿದ್ದವರ ಹೆಸರು ಹಿಡಿದು "ಬಾ, ಮನೆಗೆ ಹೋಗೋಣ" ಅಂತ ಕರೆಯಬೇಕು. ಮೈ ಹೇಗೋ ಕಾಲೆಳೆದುಕೊಂಡು ಬಂದುಬಿಡುತ್ತದೆ. ಜೀವ ಮಾತ್ರ ಕರೆದರೇ ಬರುವುದು, ಇಲ್ಲದಿದ್ದರೆ ಅಲ್ಲೇ ಆಡಿಕೊಂಡು ಉಳಿಯುತ್ತದೆ. ಕರೆದವರು ಮನೆಯ ಮೆಟ್ಟಿಲು ಹತ್ತುವ ತನಕ ಹಿಂದಿರುಗಿ ನೋಡಬಾರದು. ಒಬ್ಬರೇ ಹೋಗಿದ್ದರೆ ತಮ್ಮ ಹೆಸರನ್ನು ತಾವೇ ಕರೆದುಕೊಳ್ಳಬೇಕು. ಅಲ್ಲಿನ ಹೆಂಗಸರು ಬಟ್ಟೆ ಒಗೆದು ಏಳುವಾಗ ತಮ್ಮ ಹೆಸರು ತಾವೇ ಗೊಣಗಿಕೊಳ್ಳುವುದನ್ನು ಕೇಳಿ ಯಾರೂ ನಗುವುದಿಲ್ಲ.

ಹುಡುಗಿಯರಿಗೆ ಹದಿನೇಳು ನಡೆಯುತ್ತಿದ್ದ ಒಂದು ಶನಿವಾರ ಮಧ್ಯಾಹ್ನ. ಸಿಮಾಂಗ್ ಒಗೆಯುವ ಕಲ್ಲಿನ ಹತ್ತಿರ ಇದ್ದಳು, ಅವರಿಬ್ಬರೂ ಸೊಂಟದ ನೀರಲ್ಲಿ ಕಿತ್ತಾಡುತ್ತಿದ್ದರು. ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು, ದೂರದ ಬೆಟ್ಟದಲ್ಲಿ ಮಾತ್ರ ಮಳೆ. ಸಿಮಾಂಗ್‌ಗೆ ಒಲೆಯ ಮೇಲೆ ಬಿಟ್ಟು ಬಂದ ಅಂಟಕ್ಕಿಯದೇ ಚಿಂತೆ, ತಳ ಹಿಡಿಯುತ್ತದೆ ಅಂತ. ಬಟ್ಟೆಯ ಬುಟ್ಟಿಯನ್ನು ತಲೆಗೇರಿಸಿಕೊಂಡವಳೇ "ರೊಸೆವಿತಾ, ಬಾರೇ, ಮನೆಗೆ ಹೋಗೋಣ" ಅಂದು ದಾಪುಗಾಲು ಹಾಕಿದಳು.

ಹಿಂದೆ ಚಪ್ಪಲಿ ಸದ್ದು ಬರುತ್ತಿತ್ತು. ಒಬ್ಬರದೇ ಸದ್ದು. ಇಬ್ಬರೂ ಹೆಜ್ಜೆಗೆ ಹೆಜ್ಜೆ ಹಾಕಿ ಏನೋ ಆಟ ಹೂಡಿದ್ದಾರೆ ಅಂದುಕೊಂಡಳು. ಮೆಟ್ಟಿಲು ಹತ್ತಿ ತಿರುಗಿದರೆ ರೊಸೆಂದಾ ಒಬ್ಬಳೇ ನಿಂತಿದ್ದಾಳೆ, ಮೈಯೆಲ್ಲ ನೀರು. ಬಲಗಾಲಲ್ಲಿ ಅವಳದೇ ಕೆಂಪು ಚಪ್ಪಲಿ, ಎಡಗಾಲಲ್ಲಿ ಜೊವಿತಾಳ ಹಸಿರು ಚಪ್ಪಲಿ.

"ವಿತಾ ಎಲ್ಲೇ?"

"ಹಿಂದೆ ಬರ್ತಿದಾಳೆ" ಅಂದಳು ರೊಸೆಂದಾ.

ಹಿಂದೆ ಯಾರೂ ಇರಲಿಲ್ಲ. ಬೆಟ್ಟದ ನೀರು ಒಂದೇ ಸಲ ನುಗ್ಗಿತ್ತು. ಜೊವಿತಾ ಮೂರನೇ ದಿನ ಸೇತುವೆಯ ಕೆಳಗೆ ಸಿಕ್ಕಿದಳು. ಪೋಲೀಸರು, ಪಾದ್ರಿಗಳು, ನೆಂಟರು ಎಲ್ಲರೂ ಪ್ರವಾಹ ಅಂದರು. ಸಿಮಾಂಗ್‌ಗೆ ಮಾತ್ರ ಗೊತ್ತಿತ್ತು, ತಾನು ಕರೆದದ್ದು ಒಂದೇ ಹೆಸರು. ಒಂದು ಕರೆದೆ, ಒಂದು ಬಂತು.

ನಲವತ್ತು ದಿನದ ಪ್ರಾರ್ಥನೆ ಮುಗಿದ ಮೇಲೆ ರೊಸೆಂದಾ ಒಂದು ಶನಿವಾರ ಬಂದಳು. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟಳು, ಒಂದರ ಮೇಲೆ ಒಂದು ಹೇರಿ. ಹಾಗೆ ಬಿಡುತ್ತಿದ್ದವಳು ಜೊವಿತಾ. ಅದಕ್ಕಾಗಿ ಸಾವಿರ ಸಲ ಬೈಸಿಕೊಂಡಿದ್ದಳು. ಆಮೇಲೆ ರೊಸೆಂದಾ ಸೀದಾ ಅಡುಗೆಮನೆಗೆ ಹೋಗಿ, ಬಾಣಲೆಯ ತಳಕ್ಕೆ ಹತ್ತಿದ ಅನ್ನವನ್ನು ಚಮಚದಲ್ಲಿ ಕೆರೆದು, ಕಣ್ಣು ಮುಚ್ಚಿಕೊಂಡು ತಿಂದಳು. ಸೀದ ವಾಸನೆಗೇ ಮೂಗು ಮುಚ್ಚಿಕೊಳ್ಳುತ್ತಿದ್ದ ಹುಡುಗಿ ಅದು. ಚಮಚ ಹಿಡಿದದ್ದು ಎಡಗೈಯಲ್ಲಿ. ಸಿಮಾಂಗ್‌ಳ ಮಗಳು ಎಡಚಿ.

ಸಿಮಾಂಗ್ ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡಿದಳು. ಹೆದರಿಕೆಯಾಯಿತಾ ಅಂದರೆ, ಆಯಿತು. ಆದರೆ ಆ ಹೆದರಿಕೆಯ ಹಿಂದೆಯೇ ಎಂಥ ಸಂತೋಷ ಬಂತೆಂದರೆ ಅವಳು ತುಟಿ ಕಚ್ಚಿಕೊಂಡು ಹೊರಗೆ ಹೋಗಿ ಕೋಳಿಗಳ ನಡುವೆ ಕುಳಿತು ಅತ್ತಳು. ಯಾರಿಗೂ ಹೇಳಲಿಲ್ಲ. ಪಾದ್ರಿಗೂ ಹೇಳಲಿಲ್ಲ. ಮುಂದಿನ ಶನಿವಾರದಿಂದ ಬೇಕೆಂದೇ ಉರಿ ಜೋರು ಮಾಡಿ ತಳ ಹಿಡಿಸತೊಡಗಿದಳು.

ಹೀಗೆ ಹನ್ನೆರಡು ವರ್ಷ ನಡೆಯಿತು. ತಿಂದಾದ ಮೇಲೆ ರೊಸೆಂದಾ ಕಣ್ಣು ಬಿಟ್ಟು "ಅಯ್ಯೋ ನಾನಾ, ಬಂದು ತುಂಬ ಹೊತ್ತಾಯ್ತಾ?" ಅಂತ ಕೇಳುತ್ತಿದ್ದಳು. ತಿಂದದ್ದು ಅವಳಿಗೆ ನೆನಪಿರುತ್ತಿರಲಿಲ್ಲ. "ಈಗ ಬಂದೆಯಲ್ಲೇ" ಅಂತ ಸಿಮಾಂಗ್ ಬಾಣಲೆ ತೊಳೆಯಲು ಹಾಕುತ್ತಿದ್ದಳು.

ಈ ನಡುವೆ ರೊಸೆಂದಾಳ ಮದುವೆಯಾಯಿತು. ಗಂಡ ಸೆಲ್ಸೊ, ಪಕ್ಕಕ್ಕೆ ಗಾಡಿ ಕಟ್ಟಿದ ಮೋಟರ್‌ಸೈಕಲ್ಲಿನಲ್ಲಿ ಜನರನ್ನು ಸಂತೆಗೂ ಚರ್ಚಿಗೂ ಸಾಗಿಸುವವನು. ಬಾಯಿಬಡುಕ, ಒಳ್ಳೆಯವನು, ಹೆಂಡತಿಯನ್ನು ಕಂಡರೆ ಪ್ರಾಣ. ಮಕ್ಕಳ ವಿಷಯದಲ್ಲಿ ಮಾತ್ರ ಅವರ ಹಣೆಬರಹ ನೆಟ್ಟಗಿರಲಿಲ್ಲ. ಎರಡು ಬಸಿರು ಆರನೇ ತಿಂಗಳಲ್ಲೇ ಹೋದವು. ಮೂರನೆಯದಕ್ಕೆ ಏಳನೇ ತಿಂಗಳು ಶುರುವಾದಾಗ ಸೆಲ್ಸೊ ಕುಣಿದಾಡಿಬಿಟ್ಟ. ಊರಿನ ಚಪಲ ಅವನಿಗೂ ಇತ್ತಲ್ಲ, ಗಾಡಿಯ ಹಣೆಗೆ 'ಸೆಲ್‌ರೋಸ್' ಅಂತ ಬರೆಸಲು ಪೇಂಟರ್ ಮಾಂಗ್ ಪೀಯೊ ಹತ್ತಿರ ಬಿಟ್ಟು ಬಂದ. ಸಂಜೆ ಹೋಗಿ ನೋಡಿದರೆ 'ಸೆಲ್‌ವಿತಾ' ಅಂತಿದೆ.

"ಏನ್ ಮಾಂಗ್ ಪೀಯೊ, ಬೆಳಿಗ್ಗೇನೇ ಏರಿಸಿದ್ರಾ? ನನ್ನ ಹೆಂಡ್ತಿ ಹೆಸರೂ ಮರೆತ್ಹೋಯ್ತಾ?"

"ಏರಿಸೋಕೆ ನೀನು ಕೊಡಿಸಿದ್ಯಾ?" ಅಂದ ಮುದುಕ. "ನಿನ್ನ ಹೆಂಡ್ತಿನೇ ಬಂದು ಹೀಗೇ ಬರೀಬೇಕು ಅಂತ ಚೀಟಿ ಕೊಟ್ಟು ಹೋದ್ಲಪ್ಪ. ಹೊಟ್ಟೆ ಹೊತ್ಕೊಂಡು ಬಿಸಿಲಲ್ಲಿ ಬಂದಿದ್ಲು. ತಲೆಗೂದಲಿಂದ ನೀರು ತೊಟ್ಟಿಕ್ತಿತ್ತು. ಸ್ನಾನ ಮಾಡಿ ಒರೆಸ್ಕೊಳ್ದೇ ಬಂದ್ಯೇನಮ್ಮ ಅಂದೆ. ನಕ್ಕಳು."

ಅಳಿಸಿ ಮತ್ತೆ ಬರೆಸಿದರು. ಎರಡನೇ ಸಲವೂ ಅದೇ ಕಥೆ, ಅದೇ ಒದ್ದೆ ಕೂದಲು, ಇನ್ನೊಂದು ಚೀಟಿ. ಸೆಲ್ಸೊ ಚೀಟಿ ತಂದು ಹೆಂಡತಿಯ ಮುಂದೆ ಹಿಡಿದ. ಅಕ್ಷರಗಳು ಎಡಕ್ಕೆ ವಾಲಿಕೊಂಡಿದ್ದವು. ರೊಸೆಂದಾ ಆ ಅಕ್ಷರಗಳ ಪಕ್ಕದಲ್ಲಿ ಒಂಬತ್ತು ವರ್ಷ ಕೂತು ಬರೆದವಳು; ಅವಳಿಗೆ ಗುರುತು ಹತ್ತದೆ ಇರುತ್ತದೆಯೇ?

ಅವಳು ನೇರ ಲೋಲಾ ಟಾಸಿಂಗ್ ಹತ್ತಿರ ಹೋದಳು. ಲೋಲಾ ಅಂದರೆ ಅಜ್ಜಿ. ಈ ಅಜ್ಜಿ ಊರಿಗೆಲ್ಲ ಸೂಲಗಿತ್ತಿ, ಎಣ್ಣೆ ಹಚ್ಚಿ ಹೊಟ್ಟೆ ನೀವಿ ಒಳಗಿನ ಸಮಾಚಾರ ಹೇಳುವವಳು. ಅಲ್ಲಿಂದ ಸಿಮಾಂಗ್‌ಳ ಮನೆಗೆ ಬಂದಳು. ಅವತ್ತು ಶನಿವಾರವಲ್ಲ, ಒಲೆಯ ಮೇಲೆ ಏನೂ ಇರಲಿಲ್ಲ. ರೊಸೆಂದಾ ಚಾಪೆಯ ಮೇಲೆ ಕುಳಿತು ಎರಡೂ ಚೀಟಿಗಳನ್ನು ಸಿಮಾಂಗ್‌ಳ ಮಡಿಲಲ್ಲಿ ಇಟ್ಟಳು.

"ಇದು ಯಾರ ಅಕ್ಷರ ಅಂತ ನಿಮಗೂ ಗೊತ್ತು ನಾನಾ."

ಸಿಮಾಂಗ್ ಚೀಟಿ ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು.

"ಲೋಲಾ ಟಾಸಿಂಗ್ ಕೈ ಇಟ್ಟ ಕೂಡ್ಲೇ ಹೇಳಿದ್ರು. ಈ ಗುಡಿಸಲಲ್ಲಿ ಆಗ್ಲೇ ಇಬ್ರು ಮಲಗಿದಾರೆ, ಮೂರನೇದಕ್ಕೆ ಚಾಪೆ ಎಲ್ಲಿ ಹಾಸ್ತೀಯೇ ಅಂದ್ರು. ಮೊದಲಿನವೆರಡೂ ಜಾಗ ಇಲ್ದೆ ಹೋದ್ವಂತೆ. ಇದು ಹೋದ್ರೆ ಜೊತೆಗೆ ನಾನೂ ಹೋಗ್ತೀನಂತೆ."

"ಆ ಮುದುಕಿಗೆ ಅರಳು ಮರಳು."

"ನಾನಾ, ನಿಮಗೆ ಎಷ್ಟು ದಿನದಿಂದ ಗೊತ್ತು?"

ಸಿಮಾಂಗ್‌ಗೆ ತಾನು ಸಾಕಿದ ಹುಡುಗಿಯ ಮುಖ ನೋಡಲು ನಾಚಿಕೆಯಾಯಿತು. ರೊಸೆಂದಾ ಬೈಯಲಿಲ್ಲ, ಅಳಲೂ ಇಲ್ಲ. "ತಪ್ಪಾಗಿ ಕರೆದವರೇ ಸರಿಯಾಗಿ ಕರೀಬೇಕಂತೆ" ಅಂದಳು. "ಅದೇ ಜಾಗದಲ್ಲಿ, ಅದೇ ಹೊತ್ತಲ್ಲಿ, ಎರಡೂ ಹೆಸರು ಬಿಡಿಸಿ. ಜೊವಿತಾ ನೀನು ಇಲ್ಲೇ ಇರು, ರೊಸೆಂದಾ ನೀನು ಮನೆಗೆ ಬಾ ಅಂತ. ಅಷ್ಟೇ ನಾನಾ. ಎರಡೇ ಮಾತು."

ಎರಡೇ ಮಾತು. ಆ ಎರಡು ಮಾತಲ್ಲಿ ಸಿಮಾಂಗ್ ತನ್ನ ಮಗಳನ್ನು ಇನ್ನೊಂದು ಸಲ ನೀರಿಗೆ ಬಿಡಬೇಕಿತ್ತು.

"ಬರೋ ಶನಿವಾರ ನೋಡೋಣ" ಅಂದಳು. ಆ ಶನಿವಾರ ಸಂತನ ಹಬ್ಬ, ಸುಮಾನ್‌ಗೆ ಬೇಡಿಕೆ ಜಾಸ್ತಿ ಅಂದಳು. ಅದರ ಮುಂದಿನ ಶನಿವಾರ ಮಂಡಿ ನೋವು ಅಂದಳು. ಹಾಗೆ ಸಬೂಬು ಹೇಳುತ್ತಲೇ ಬಾಣಲೆಯ ತಳ ಹಿಡಿಸಿ ತಟ್ಟೆ ಮುಂದಿಟ್ಟಳು, ಎಡಗೈ ಬಂದು ತಿಂದಿತು, ಅವಳು ಕಣ್ತುಂಬ ನೋಡಿದಳು. ಇನ್ನೊಂದೇ ಒಂದು ಸಲ ಅಂದುಕೊಂಡಳು. ಕುಡುಕರು ಅಂದುಕೊಳ್ಳುವುದೂ ಅದನ್ನೇ.

ಮೂರನೇ ಶನಿವಾರ ಸೆಲ್ಸೊ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಸುಕುತ್ತಾ ಮೆಟ್ಟಿಲ ಕೆಳಗೇ ನಿಂತ.

"ಒಳಗೆ ಬಾರೋ" ಅಂದಳು ಸಿಮಾಂಗ್.

"ಬರಲ್ಲ ನಾನಾ. ರಕ್ತ ಕಾಣಿಸ್ಕೊಂಡಿದೆ ಅವಳಿಗೆ. ಆಸ್ಪತ್ರೇಲಿ ತೋರಿಸ್ದೆ. ಎಲ್ಲ ಸರಿ ಇದೆ, ಮಲಗಿರಲಿ ಅಂತಾರೆ. ಎಲ್ಲ ಸರಿ ಇದ್ರೆ ರಕ್ತ ಯಾಕೆ?" ಅವನು ಟೋಪಿಯನ್ನೇ ನೋಡುತ್ತಿದ್ದ. "ನಂಗೆ ಈ ಜೀವ ಕರೆಯೋದು ಅದು ಇದು ನಂಬಿಕೆ ಇಲ್ಲ. ಆದ್ರೂ ನೀವೊಂದ್ಸಲ ಅವಳ ಜೊತೆ ಹೋಗ್ಬನ್ನಿ. ನಿಮ್ಮ ಕಾಲಿಗೆ ಬೀಳು ಅಂದ್ರೂ ಬೀಳ್ತೀನಿ."

ಸಿಮಾಂಗ್‌ಗೆ ಇನ್ನು ಯಾವ ನೆಪವೂ ಉಳಿಯಲಿಲ್ಲ. ಒಲೆಯ ಮೇಲೆ ಅಂಟಕ್ಕಿ ಇಟ್ಟಳು, ಯಾಕೆ ಇಟ್ಟಳೋ ಅವಳಿಗೇ ಗೊತ್ತಿಲ್ಲ, ಉರಿ ಸಣ್ಣ ಮಾಡಿ ಹೊರಟಳು. ಸೆಲ್ಸೊ ಹೆಂಡತಿಯನ್ನು ಹೊಳೆಯ ದಾರಿಯ ತುದಿಯವರೆಗೆ ಗಾಡಿಯಲ್ಲಿ ತಂದು ಬಿಟ್ಟ. ಜೊತೆಗೆ ಬರಬೇಡ ಅಂತ ಲೋಲಾ ಟಾಸಿಂಗ್ ಹೇಳಿದ್ದಳಂತೆ, ಅವನು ಚರ್ಚಿನ ಹತ್ತಿರ ಕಾಯುತ್ತೇನೆ ಅಂತ ಹೋದ. ಗಾಡಿಯ ಹಣೆ ಖಾಲಿ ಇತ್ತು, ಎರಡು ಸಲ ಕೆರೆದು ತಗಡು ಬೆಳ್ಳಗಾಗಿತ್ತು.

ಹೊಳೆಯ ದಂಡೆಯಲ್ಲಿ ಯಾರೂ ಇರಲಿಲ್ಲ. ಬಿಸಿಲಿನ ಹೊತ್ತು, ಹೆಂಗಸರೆಲ್ಲ ಒಗೆದು ಹೋಗಿ ಕಲ್ಲು ಒಣಗಿತ್ತು. ರೊಸೆಂದಾ ಚಪ್ಪಲಿ ಬಿಟ್ಟು, ಲಂಗ ಎತ್ತಿ ಹಿಡಿದು, ಮೊಣಕಾಲು ಮಟ್ಟದ ನೀರಲ್ಲಿ ನಿಂತಳು. ಒಂದು ಕೈ ಹೊಟ್ಟೆಯ ಮೇಲಿತ್ತು. ನೀರು ಎಷ್ಟು ತಿಳಿಯಾಗಿತ್ತೆಂದರೆ ಅವಳ ಪಾದಗಳು ಕಾಣುತ್ತಿದ್ದವು. ಸಿಮಾಂಗ್ ಒಂದು ಸಲ ನೋಡಿ ಕಣ್ಣು ಹೊರಳಿಸಿದಳು. ನಿಂತವಳು ಒಬ್ಬಳು, ನೀರೊಳಗೆ ಕಂಡದ್ದು ಎರಡು ಜೊತೆ ಪಾದ.

"ಬೇಗ ನಾನಾ" ಅಂದಳು ರೊಸೆಂದಾ. "ಚಳಿ ಆಗ್ತಿದೆ."

ಸಿಮಾಂಗ್ ನೀರಿಗೆ ಬೆನ್ನು ಹಾಕಿದಳು. ಹೇಳಬೇಕಾದ ಎರಡು ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಜೊವಿತಾ, ನೀನು ಇಲ್ಲೇ ಇರು. ಅಷ್ಟು ಹೇಳಲು ಬಾಯಿ ತೆರೆದಳು. ಹದಿನೇಳು ವರ್ಷದ ಹುಡುಗಿ. ಅವತ್ತು ಬೆಳಿಗ್ಗೆ ಚಪ್ಪಲಿ ಹೇರಿಟ್ಟದ್ದಕ್ಕೆ ಬೈದದ್ದೇ ಅವಳೊಬ್ಬಳಿಗೇ ಅಂತ ಆಡಿದ ಕೊನೆಯ ಮಾತಾಗಿತ್ತು. ಇವಳಿಗಾದರೆ ಗಂಡ ಸಿಕ್ಕಿದ, ಸಂಸಾರ ಸಿಕ್ಕಿತು, ಹನ್ನೆರಡು ವರ್ಷದ ಬಿಸಿಲು ಗಾಳಿ ಸಿಕ್ಕಿತು. ಅವಳಿಗೇನು ಸಿಕ್ಕಿತು, ವಾರಕ್ಕೊಂದು ಹಿಡಿ ಸೀದ ಅನ್ನ.

"ಜೊವಿತಾ" ಅಂದಳು ಸಿಮಾಂಗ್. "ಬಾರೇ ಮಗಳೇ, ಮನೆಗೆ ಹೋಗೋಣ."

ಬಾಯಿತಪ್ಪಿ ಬಂತು ಅಂತ ಆಮೇಲೆ ತನಗೆ ತಾನೇ ಹೇಳಿಕೊಳ್ಳಲು ನೋಡಿದಳು. ಬಾಯಿ ತಪ್ಪಿರಲಿಲ್ಲ. ಅವಳಿಗೆ ಬೇಕಾದದ್ದು ಅದೇ, ಅದನ್ನೇ ಅಂದಳು, ಅಂದವಳು ಹೆಜ್ಜೆ ಹಾಕಿದಳು.

ಹಿಂದೆ ನೀರು ಕದಡಿದ ಸದ್ದು. ಆಮೇಲೆ ಚಪ್ಪಲಿ ಸದ್ದು, ಒಂದು ಕಾಲು ಸ್ವಲ್ಪ ಎಳೆದು ಹಾಕುವ ನಡಿಗೆ. ಆ ನಡಿಗೆಯನ್ನು ಸಿಮಾಂಗ್ ಸಂತೆಯ ಗದ್ದಲದಲ್ಲೂ ಗುರುತು ಹಿಡಿಯುತ್ತಿದ್ದಳು. ಅವಳ ಬೆನ್ನಿನ ಮೇಲೆ ಮುಳ್ಳೆದ್ದಿತು, ಕಣ್ಣಲ್ಲಿ ನೀರು ಇಳಿಯಿತು. ತಿರುಗುವಂತಿಲ್ಲ.

"ಇನಾಂಗ್" ಅಂತು ಹಿಂದಿನ ದನಿ. ಇನಾಂಗ್ ಅಂದರೆ ಅಮ್ಮ, ಹನ್ನೆರಡು ವರ್ಷದಿಂದ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. "ಒಲೆ ಮೇಲೆ ಏನಾದ್ರೂ ಇಟ್ಟು ಬಂದಿದೀಯಾ? ಸೀದ ವಾಸನೆ ಬರ್ತಿದೆ."

"ಇಟ್ಟಿದೀನಿ."

"ತಳ ನಂಗೆ."

"ನಿಂಗೇ ಕಣೇ. ಇನ್ನಾರಿಗೆ?"

ಸ್ವಲ್ಪ ದೂರ ಬಂದ ಮೇಲೆ, "ಇನಾಂಗ್, ಇಲ್ಲಿದ್ದ ಹಲಸಿನ ಮರ ಎಲ್ಲಿ?"

"ಕಡಿದ್ರು."

"ಯಾವಾಗ? ಬೆಳಿಗ್ಗೆ ಬರುವಾಗ ಇತ್ತಲ್ಲ."

ಸಿಮಾಂಗ್ ಹೆಜ್ಜೆ ಚುರುಕು ಮಾಡಿದಳು. ದಾರಿಯ ಬದಿಯ ಮನೆ, ಅಂಗಡಿ, ದೀಪದ ಕಂಬ ಒಂದೊಂದನ್ನೂ ಆ ದನಿ ಇದ್ಯಾವುದು, ಅದ್ಯಾವುದು ಅಂತ ಕೇಳುತ್ತಾ ಬಂತು. ಆಮೇಲೆ ಏದುಸಿರು ಬಿಡುತ್ತಾ, "ನಂಗ್ಯಾಕೆ ಮೈ ಇಷ್ಟು ಭಾರ? ಹೊಟ್ಟೇಲಿ ಏನೋ ಇದೆ" ಅಂದಿತು.

"ಮನೆಗೆ ನಡಿ, ಹೇಳ್ತೀನಿ. ಬೇಗ ನಡಿ."

ಸಿಮಾಂಗ್ ಮೆಟ್ಟಿಲು ಹತ್ತಿದಳು. ಮೇಲೆ ನಿಂತು ತಿರುಗಿದಳು. ಕೆಳಗೆ ಇದ್ದದ್ದು ರೊಸೆಂದಾಳ ಮುಖ, ರೊಸೆಂದಾಳ ಏಳು ತಿಂಗಳ ಹೊಟ್ಟೆ. ಆದರೆ ನಿಂತದ್ದು ಜೊವಿತಾ. ಒಂಟಿ ಕಾಲಲ್ಲಿ ನಿಂತು ಇನ್ನೊಂದು ಪಾದದಿಂದ ಮೀನಖಂಡ ಉಜ್ಜಿಕೊಳ್ಳುತ್ತಾ, ಬಾಯಿ ಒಂದು ಕಡೆ ಮಾತ್ರ ಎಳೆದು ನಗುತ್ತಾ. ಬಿಸಿಲಲ್ಲಿ ಅಷ್ಟು ದೂರ ನಡೆದು ಬಂದರೂ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ಚಪ್ಪಲಿ ಬಿಟ್ಟಳು, ಅದರ ಮೇಲೆ ಇನ್ನೊಂದನ್ನು ಹೇರಲು ಹೋಗಿ ನಿಲ್ಲಿಸಿದಳು.

"ರೊಸೆ ಎಲ್ಲಿ?"

"ಮುಂದೆ ಹೋದ್ಲು" ಅಂದಳು ಸಿಮಾಂಗ್.

"ಸುಳ್ಳು ಹೇಳ್ಬೇಡ ಇನಾಂಗ್. ಅವಳು ನೀರಲ್ಲೇ ನಿಂತಿದಾಳೆ. ಹೊರಟಾಗ ಹಿಂದಿನಿಂದ ಅಳ್ತಿದ್ಲು, ಕೇಳಿಸ್ತು." ನಗು ಹೋಗಿತ್ತು. "ನೀನು ನನ್ನೊಬ್ಬಳನ್ನೇ ಕರೆದೆ. ಯಾವಾಗ್ಲೂ ಇಬ್ರನ್ನೂ ಕರೀತಿದ್ದೆ."

"ಮೇಲೆ ಬಾರೇ ವಿತಾ. ಅನ್ನ ತಣ್ಣಗಾಗತ್ತೆ."

ಹುಡುಗಿ ಎರಡೂ ಅಂಗೈಯನ್ನು ಹೊಟ್ಟೆಯ ಮೇಲಿಟ್ಟು ತಲೆ ವಾಲಿಸಿ ಕೇಳಿಸಿಕೊಳ್ಳುವ ಹಾಗೆ ನಿಂತಳು. ಏನು ಕೇಳಿಸಿತೋ. "ಇದು ಅವಳದು" ಅಂದಳು. "ಒದೀತಿದೆ, ನೋಡು. ಅವಳನ್ನ ಹುಡುಕ್ತಿದೆ."

ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡಳು.

"ಎಲ್ಲಿಗೆ?"

"ಅವಳನ್ನ ಕರ್ಕೊಂಡ್ ಬರ್ತೀನಿ. ಅವಳಿಗೆ ಒಬ್ಳೇ ಇದ್ರೆ ಭಯ ಆಗತ್ತೆ, ನಿಂಗೊತ್ತಲ್ಲ."

"ಹೋಗ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ ಕಣೇ, ಹೋಗ್ಬೇಡ."

"ಒಲೆ ನೋಡ್ಕೋ ಇನಾಂಗ್. ತಳ ಕರ್ರಗಾಗ್ಬಿಟ್ರೆ ಚೆನ್ನಾಗಿರಲ್ಲ" ಅಂದವಳು ಹೊರಟೇಬಿಟ್ಟಳು, ಒಂದು ಕಾಲು ಎಳೆದು ಹಾಕುತ್ತಾ, ಭಾರದ ಹೊಟ್ಟೆಗೆ ಕೈ ಆನಿಸಿಕೊಂಡು.

ಸಿಮಾಂಗ್‌ಳ ಮನೆಯಿಂದ ಹೊಳೆಗೆ ದಾರಿ ನೇರ. ಒಗೆಯುವ ಕಲ್ಲಿನ ಮೇಲೆ ಬಟ್ಟೆ ಬಡಿದರೆ ಇಲ್ಲಿಗೆ ಕೇಳುತ್ತದೆ. ಅವಳು ಮೆಟ್ಟಿಲ ಮೇಲೆ ಕುಳಿತಳು. ಎಷ್ಟು ಹೊತ್ತಾಯಿತೋ, ಅಲ್ಲಿಂದ ಮಗಳ ದನಿ ಕೇಳಿತು.

"ರೊಸೆ, ಬಾರೇ, ಮನೆಗೆ ಹೋಗೋಣ."

ಒಂದೇ ಹೆಸರು. ತನ್ನದನ್ನು ಅವಳು ಕರೆದುಕೊಳ್ಳಲಿಲ್ಲ. ಆಮೇಲೆ ಅಲ್ಲಿ ಮೌನ. ಆ ಮೌನ ಯಾಕೆ ಅಂತ ಸಿಮಾಂಗ್‌ಗೆ ಅರ್ಥವಾಯಿತು. ಇನ್ನೊಂದು ಹೆಸರಿಗೆ ಅಲ್ಲಿ ಜಾಗ ಬಿಟ್ಟಿತ್ತು, ಅದನ್ನು ಕರೆಯುವವರು ಇವಳೊಬ್ಬಳೇ. ಹೆಸರು ನಾಲಿಗೆಯ ಮೇಲೇ ಕೂತಿತ್ತು. ಒಂದು ಸಲ ಕ್ಷೀಣವಾಗಿ ಅಂದರೂ ಸಾಕು, ಅವಳು ಬರುತ್ತಾಳೆ, ಕರೆದಾಗ ಯಾವತ್ತೂ ಬರದೆ ಇದ್ದವಳಲ್ಲ. ಬಂದರೆ ಆ ಗುಡಿಸಲಲ್ಲಿ ಮತ್ತೆ ಇಬ್ಬರು. ಮೂರನೆಯದಕ್ಕೆ ಚಾಪೆ ಇಲ್ಲ. ಸಿಮಾಂಗ್ ಸೆರಗಿನಂತೆ ಸೊಂಟಕ್ಕೆ ಸುತ್ತಿದ್ದ ಅಡುಗೆ ಬಟ್ಟೆಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದಳು. ಒಳಗೆ ಬಾಣಲೆ ಸೀದು ಹೊಗೆ ತುಂಬಿತು, ಅವಳು ಏಳಲಿಲ್ಲ. ನಾಲಿಗೆಗೆ ರಕ್ತದ ರುಚಿ ಬಂತು. ಕರೆಯಲಿಲ್ಲ.

ದಾರಿಯಲ್ಲಿ ಹೆಜ್ಜೆ ಕೇಳಿಸಿತು. ಎರಡೂ ಕಾಲು ಸಮ ಹಾಕುವ ನಡಿಗೆ.

ರೊಸೆಂದಾ ಬಂದು ಚಪ್ಪಲಿಯನ್ನು ಮೆಟ್ಟಿಲ ಬದಿಗೆ ಜೋಡಿಸಿಟ್ಟಳು. ಕೂದಲು ಒಣಗಿತ್ತು. ಮುಖಕ್ಕೆ ಬಣ್ಣ ಬಂದಿತ್ತು. "ಒದೀತಿದೆ ನಾನಾ" ಅಂದಳು, "ಇಷ್ಟು ಜೋರಾಗಿ ಯಾವತ್ತೂ ಒದ್ದಿರಲಿಲ್ಲ." ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. ಆಮೇಲೆ ಸ್ವಲ್ಪ ಗೊಂದಲದಿಂದ ಹಿಂದಿರುಗಿ ಹೊಳೆಯ ಕಡೆ ನೋಡಿದಳು. "ನೀವು ಕರೆದದ್ದು ನಿಮ್ಮ ದನಿ ಅನ್ನಿಸ್ಲಿಲ್ಲ. ಚಿಕ್ಕ ಹುಡುಗಿ ಕರೆದ ಹಾಗಿತ್ತು."

ಸಿಮಾಂಗ್ ಬಾಯಿಂದ ಬಟ್ಟೆ ತೆಗೆದು ಮಡಚಿದಳು. "ನಾನೇ ಕರೆದದ್ದು" ಅಂದಳು. ಅವಳು ಜೀವನದಲ್ಲಿ ಹೇಳಿದ ಸುಳ್ಳುಗಳಲ್ಲಿ ಅದೇ ಅವಳಿಗೆ ಹೆಚ್ಚು ಚುಚ್ಚಿದ್ದು.

ಇದ್ದುದರಲ್ಲಿ ಮೇಲಿನ ಅನ್ನ ಬಡಿಸಿ, ಪಕ್ಕದಲ್ಲಿ ಒಂದು ಚೂರು ತಳವನ್ನೂ ಇಟ್ಟಳು. ರೊಸೆಂದಾ ಬಲಗೈಯಲ್ಲಿ ಊಟ ಮಾಡಿದಳು. ತಳದ ಚೂರನ್ನು ತಟ್ಟೆಯ ಅಂಚಿಗೆ ಸರಿಸಿ, "ಇದು ಸೀದಿದೆ ನಾನಾ" ಅಂದಳು.

ಎರಡು ತಿಂಗಳಿಗೆ ಹೆಣ್ಣು ಮಗು ಹುಟ್ಟಿತು, ದುಂಡು ದುಂಡಾಗಿ, ಬೀದಿಗೆಲ್ಲ ಕೇಳುವ ಗಂಟಲು. ಸೆಲ್ಸೊನ ಗಾಡಿಯ ಹಣೆಯಲ್ಲಿ ಈಗ ಕೆಂಪು ಬಣ್ಣದಲ್ಲಿ 'ಸೆಲ್‌ರೋಸ್' ಅಂತಿದೆ, ಒಂದೇ ಸಲಕ್ಕೆ ಸರಿಯಾಗಿ ಬಂತು. ಅವನು ಸಿಹಿ ಹಿಡಿದುಕೊಂಡು ಸಿಮಾಂಗ್ ಮನೆಗೆ ಬಂದು, "ಮಗೂಗೆ ನಮ್ಮಿಬ್ಬರ ಹೆಸರ ಜೊತೆ ನಿಮ್ಮದೂ ಒಂದು ತುಂಡು ಸೇರಿಸ್ತೀವಿ ನಾನಾ, ಕೊಡಿ" ಅಂದ.

"ಬೇಡ" ಅಂದಳು ಸಿಮಾಂಗ್. "ಯಾರದೂ ತುಂಡು ಬೇಡ. ಅದಕ್ಕೆ ಅದರದ್ದೇ ಒಂದು ಇಡೀ ಹೆಸರು ಇಡಿ. ಹೊಳೆಗೆ ಹೋದಾಗ ಅದನ್ನ ಪೂರ್ತಿ ಕರೀರಿ."

ಶನಿವಾರ ಶನಿವಾರ ಅವಳು ಇನ್ನೂ ಬಟ್ಟೆ ತೆಗೆದುಕೊಂಡು ಹೊಳೆಗೆ ಹೋಗುತ್ತಾಳೆ. ಒಗೆಯುವುದು ಮುಗಿದ ಮೇಲೂ ನೀರಲ್ಲಿ ಕಾಲು ಇಳಿಬಿಟ್ಟು ಹೊತ್ತು ಹೋಗುವ ತನಕ ಕೂತಿರುತ್ತಾಳೆ. ಏಳುವಾಗ ಉಳಿದ ಹೆಂಗಸರು ತಂತಮ್ಮ ಹೆಸರು ಕರೆದುಕೊಂಡು ಹೊರಡುತ್ತಾರೆ. ಯಾರಾದರೂ ನೆನಪಿಸುವುದುಂಟು. "ನಾನಾ, ನಿಮ್ಮ ಹೆಸರು ಕರ್ಕೊಳ್ಳೋದು ಮರೆತ್ರಲ್ಲ."

"ಹೌದಲ್ವೇ" ಅನ್ನುತ್ತಾಳೆ ಸಿಮಾಂಗ್, ಬುಟ್ಟಿಯನ್ನು ತಲೆಗೇರಿಸಿಕೊಂಡು ಹಾಗೇ ನಡೆಯುತ್ತಾಳೆ.